ತೆಂಗಿನಮರದೆತ್ತರದ ಪ್ರೆಶರ್

ಮೊನ್ನೆ ಇವರ ಷರಟಿಗೆ ಗುಂಡಿ ಹಾಕೋಣ ಅಂತ ಹೊಲಿಗೆ ಸಾಮಾನಿನ ಬಿಸ್ಕತ್ತು ಡಬ್ಬವನ್ನು ಹಾಸಿಗೆಯ ಮೇಲೆ ಸುರಿದೆ. ಯಾವ ಷರಟಿಗೂ ಹೊಂದದ ಗುಂಡಿಗಳು, ತುಕ್ಕು ಹಿಡಿದ ಹುಕ್ಕುಗಳು, ಅಚ್ಚುಕಟ್ಟಾಗಿ ಕಾಜಾ ಹೊಲಿದಿದ್ದಕ್ಕೆ ಕಾನ್ವೆಂಟಿನ ಸಿಸ್ಟರ್ ಬಹುಮಾನ ಕೊಟ್ಟಿದ್ದ, ಬೆರಳಿಗೆ ಹಾಕಿಕೊಳ್ಳುವ ತಗಡಿನ ಟೋಪಿ. ಇವೆಲ್ಲದರ ನಡುವಿನಿಂದ ಒಂದು ಕಪ್ಪನೆಯ ಗುಂಡು ಉರುಳಿಕೊಂಡು ಬಂದು ನನ್ನ ಮೊಣಕಾಲಿಗೆ ತಾಗಿ ನಿಂತಿತು. ನಮ್ಮ ಮೊದಲನೆಯ ಕುಕ್ಕರಿನ ವೆಯ್ಟು.

ಆ ಕುಕ್ಕರನ್ನು ಹಳೇ ಪಾತ್ರೆಯವನಿಗೆ ಹಾಕುವ ದಿನ ನಮ್ಮ ಅತ್ತೆ ಇದೊಂದನ್ನು ಮಾತ್ರ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಅಂಗೈಯಲ್ಲಿ ಇಟ್ಟುಕೊಂಡರೆ ಈಗಲೂ ಭಾರವೇ. ಒಂದು ಭಾನುವಾರ ನಾನು ಇದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಿದ್ದೆ. ಹೊರಗೆ ವಿಜ್ಞಾನ ತೆಂಗಿನಮರ ಹತ್ತುತ್ತಿತ್ತು.

ನಮ್ಮ ಯಜಮಾನರ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಿಮಗೆ ಇದು ನಂಬಿಕೆಯಾಗೋದಿಲ್ಲ. ಇವರು ಇಂಜಿನಿಯರಿಂಗ್ ಕಾಲೇಜಿನಲ್ಲಿ ಥರ್ಮೊಡೈನಮಿಕ್ಸ್ ಹೇಳಿಕೊಡುತ್ತಿದ್ದವರು. ಉಷ್ಣದ ವಿಷಯದಲ್ಲಿ ಇವರಿಗೆ ತಿಳಿಯದ್ದು ಈ ಭೂಮಿಯ ಮೇಲೆ ಏನೂ ಇರಲಿಲ್ಲ, ಸ್ಟವ್ ಹಚ್ಚುವುದೊಂದನ್ನು ಬಿಟ್ಟು. ನಾನೋ, ಕಾನ್ವೆಂಟಿನಲ್ಲಿ ಡೊಮೆಸ್ಟಿಕ್ ಸೈನ್ಸ್ ಓದಿದವಳು. ಮೊಟ್ಟೆ ಎಷ್ಟು ಹೊತ್ತು ಬೇಯಿಸಬೇಕು ಅಂತ ಇಂಗ್ಲಿಷಿನಲ್ಲಿ ಚೆನ್ನಾಗಿ ಕಲಿತು, ಮೊಟ್ಟೆ ಅನ್ನೋ ಮಾತನ್ನೇ ಎತ್ತಬಾರದ ಮನೆಗೆ ಸೊಸೆಯಾಗಿ ಬಂದೆ. ವಿದ್ಯೆ ಎಲ್ಲಿ ಹೇಗೆ ಉಪಯೋಗಕ್ಕೆ ಬರುತ್ತೆ ನೋಡಿ.

ಮದುವೆಯಾದ ಹೊಸದರಲ್ಲಿ ಇವರು ನನಗೆ ಪಾಠ ಮಾಡುತ್ತಿದ್ದದ್ದು ತಿಂಡಿಯ ಹೊತ್ತಿನಲ್ಲಿ. ಬೇರೆಯವರ ಗಂಡಂದಿರು ಲಾಲ್‌ಬಾಗಿಗೆ ಕರೆದುಕೊಂಡು ಹೋಗುತ್ತಿದ್ದರಂತೆ.

“ನೋಡು ವತ್ಸಲಾ, ಪದಾರ್ಥದ ಗುಣಗಳಲ್ಲಿ ಎರಡು ಜಾತಿ. ಭಾಗ ಮಾಡಿದರೆ ತಾನೂ ಭಾಗ ಆಗೋದು ಒಂದು, ಆಗದೇ ಇರೋದು ಒಂದು. ಈಗ ಈ ಇಡ್ಲೀನ ಎರಡು ಮಾಡ್ತೀನಿ. ತೂಕ ಅರ್ಧ ಆಯ್ತು, ಗಾತ್ರ ಅರ್ಧ ಆಯ್ತು. ಬಿಸಿ ಏನಾಯ್ತು?”

“ಆರಿಹೋಯ್ತು,” ಅಂದೆ.

ಅದು ನಿಜವೂ ಆಗಿತ್ತು. ಇಡ್ಲಿ ತಟ್ಟೆಗೆ ಬಿದ್ದು ಕಾಲು ಗಂಟೆಯಾಗಿತ್ತು. ಇವರಿಗೆ ಮಾತ್ರ ನನ್ನ ಉತ್ತರದಿಂದ ಬಹಳ ನೋವಾಯಿತು. ಬಿಸಿ, ಒತ್ತಡ, ಇವನ್ನೆಲ್ಲ ಎಷ್ಟು ಪಾಲು ಮಾಡಿದರೂ ಒಂದೊಂದು ಪಾಲಿನಲ್ಲೂ ಮೊದಲಿನಷ್ಟೇ ಇರುತ್ತವೆ ಅಂತ ಇನ್ನೊಂದು ಇಡ್ಲಿ ಮುರಿದು ತೋರಿಸಿದರು. ಆಮೇಲೆ ಯೋಚಿಸಿದರೆ ಅದು ನನಗೆ ಮೊದಲೇ ತಿಳಿದಿದ್ದ ವಿಷಯ. ಚಾಮರಾಜಪೇಟೆಯ ಇವರ ಹಿರಿಯರ ಮನೆ ಅಣ್ಣತಮ್ಮಂದಿರಲ್ಲಿ ಪಾಲಾದಾಗ ಹಂಡೆ ಒಬ್ಬರಿಗೆ, ಕೊಳದಪ್ಪಲೆ ಒಬ್ಬರಿಗೆ ಹೋಯಿತು. ಬಾವಿಯ ನಡುವೆ ಗೋಡೆ ಬಂತು. ಆದರೆ ಆ ವಂಶದ ಕೋಪ ಇತ್ತಲ್ಲ, ಅದು ಅರ್ಧವಾಗಲೇ ಇಲ್ಲ. ಒಂದೊಂದು ಪಾಲಿಗೂ ಪೂರ್ತಿ ಪೂರ್ತಿ ಬಂತು. ನಮ್ಮ ಪಾಲಿನದ್ದನ್ನು ನಾವು ಜಯನಗರಕ್ಕೆ ಬರುವಾಗ ಜೋಪಾನವಾಗಿ ಜಟಕಾದಲ್ಲಿ ತಂದೆವು.

ಜಯನಗರದ ಮನೆಯಲ್ಲಿ ನಾವು ಮೂವರೇ. ಇವರು, ನಾನು, ಅತ್ತೆ. ಅತ್ತೆ ಕೊಳ್ಳೇಗಾಲದ ಕಡೆಯವರು. ಬೆಂಗಳೂರಿಗೆ ಬಂದ ದಿನದಿಂದ ಅವರ ಒಂದೇ ದೂರು, ಈ ಮನೆಯಲ್ಲಿ ತೊಗರಿಬೇಳೆ ಬೇಯೋದಿಲ್ಲ ಅನ್ನೋದು. ಬತ್ತಿ ಸ್ಟವ್ವಿನ ಮೇಲೆ ಬೇಳೆ ಇಟ್ಟು ಅದರ ಮುಂದೆ ಕೂತರೆ ನಾನು ಒಂದು ಟೇಬಲ್ ಕ್ಲಾತಿನ ಅಂಚನ್ನೇ ಹೆಣೆದು ಮುಗಿಸುತ್ತಿದ್ದೆ, ಬೇಳೆ ಮಾತ್ರ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು.

“ನಮ್ಮೂರಲ್ಲಿ ಹೀಗೆ ನೀರಿಗೆ ಹಾಕಿ ಹಾಗೆ ತಿರುಗೋ ಅಷ್ಟರಲ್ಲಿ ಬೆಂದಿರೋದು. ಕೈಗುಣ ಅಂತ ಒಂದಿರತ್ತೆ ಕಣಮ್ಮಾ,” ಅನ್ನುತ್ತಿದ್ದರು, ಬಹಳ ಮೃದುವಾಗಿ.

ಇದನ್ನು ಕೇಳಿಸಿಕೊಂಡ ಇವರು ಒಂದು ದಿನ ನನ್ನ ಪರವಾಗಿ ಎದ್ದು ನಿಂತರು. ಅಂಥ ಸಂದರ್ಭಗಳು ಕಡಿಮೆ, ಅದಕ್ಕೇ ಚೆನ್ನಾಗಿ ನೆನಪಿದೆ.

“ಅಮ್ಮಾ, ಅದು ಅವಳ ತಪ್ಪಲ್ಲ. ಬೆಂಗಳೂರು ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ. ಸಮುದ್ರದ ಪಕ್ಕ ನೀರು ನೂರು ಡಿಗ್ರಿಗೆ ಕುದಿಯತ್ತೆ, ಇಲ್ಲಿ ತೊಂಬತ್ತೇಳಕ್ಕೇ ಕುದಿದುಬಿಡತ್ತೆ. ಎಷ್ಟು ಉರಿ ಹಾಕಿದರೂ ಅದಕ್ಕಿಂತ ಮೇಲೆ ಹೋಗಲ್ಲ.”

ನನಗೆ ಕಣ್ಣಲ್ಲಿ ನೀರೇ ಬಂತು. ತೊಂಬತ್ತೇಳು!

“ಕೊಳ್ಳೇಗಾಲದಲ್ಲಿ?” ಅಂದರು ಅತ್ತೆ.

ಇವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಸುಳ್ಳು ಹೇಳುವ ಅಭ್ಯಾಸವಿಲ್ಲದ ಗಂಡ ಸಿಕ್ಕುವುದು ಎಷ್ಟು ಅಪಾಯ ಅಂತ ನನಗೆ ಆವತ್ತು ತಿಳಿಯಿತು. “ಅಲ್ಲಿ... ಒಂದು ಡಿಗ್ರಿ ಜಾಸ್ತಿ ಇರಬಹುದು ಅಷ್ಟೇ,” ಅಂದುಬಿಟ್ಟರು.

“ಒಂದು ಡಿಗ್ರಿ ಊರಿಂದು, ಮಿಕ್ಕಿದ್ದು ಕೈಗುಣ,” ಅಂದರು ಅತ್ತೆ.

ಇದಕ್ಕೆಲ್ಲ ಪರಿಹಾರ ಅಡುಗೆಮನೆಯ ಅಟ್ಟದ ಮೇಲೆಯೇ ಇತ್ತು. ನಮ್ಮಪ್ಪ ಮದುವೆಯಲ್ಲಿ ಕೊಟ್ಟ ಕುಕ್ಕರು, ಅಂಗಡಿಯ ರಟ್ಟಿನ ಡಬ್ಬದ ಸಮೇತ. ಅದು ಕೆಳಗಿಳಿಯದೆ ಇದ್ದದ್ದಕ್ಕೆ ಕಾರಣ ಬಸವನಗುಡಿಯಲ್ಲಿದ್ದ ಅತ್ತೆಯ ತಂಗಿ. ಅವರ ಮನೆಯ ಕುಕ್ಕರು ಒಂದು ಹಬ್ಬದ ದಿನ ಸಿಡಿದು ಮುಚ್ಚಳ ಸೂರಿಗೆ ಬಡಿದಿತ್ತು. ಆ ಜಾಗದ ಗಾರೆ ಕಿತ್ತು ಅರ್ಧಚಂದ್ರದಂಥ ಗುರುತಾಗಿತ್ತು. ಮನೆಗೆ ಸುಣ್ಣ ಹೊಡೆಸಿದಾಗಲೂ ಅವರು ಅದನ್ನು ಮುಚ್ಚಿಸಲಿಲ್ಲ. ಹೋದವರಿಗೆಲ್ಲ ಮೊದಲು ಗುರುತು ತೋರಿಸಿ ಆಮೇಲೆ ಕುಂಕುಮ ಕೊಡುತ್ತಿದ್ದರು. ಅತ್ತೆ ಅದನ್ನು ನೋಡಿಕೊಂಡು ಬಂದವರೇ, “ನಾನಿರೋವರೆಗೂ ಈ ಮನೇಲಿ ಬಾಂಬ್ ಇಡೋದು ಬೇಡ,” ಅಂದಿದ್ದರು. ನನಗೂ ಹಟವೇನೂ ಇರಲಿಲ್ಲ, ಆ ಏಪ್ರಿಲ್‌ವರೆಗೆ.

ಆ ಏಪ್ರಿಲ್‌ನಲ್ಲಿ ನನ್ನ ಕಾನ್ವೆಂಟಿನ ಗೆಳತಿ ಫಿಲೋಮಿನಾ ಮನೆಗೆ ಬಂದಳು. ಜೆ.ಪಿ. ನಗರದಲ್ಲಿ ಒಂದು ಮನೆಯ ಕಾರ್ ಶೆಡ್ಡಿನಲ್ಲಿ ನರ್ಸರಿ ಶಾಲೆ ಶುರು ಮಾಡುತ್ತಿದ್ದಳು. ಆಗ ಜೆ.ಪಿ. ನಗರ ಅಂದರೆ ನಡುನಡುವೆ ಮನೆ, ಮಿಕ್ಕಿದ್ದೆಲ್ಲ ರಾಗಿ ಹೊಲ. ಬಸ್ಸು ಅಲ್ಲಿಯವರೆಗೆ ಹೋದರೆ ಅದೇ ಪುಣ್ಯ. “ನೀನು ಬಂದರೆ ಎರಡನೇ ಟೀಚರ್ ನೀನೇ,” ಅಂದಳು. ನಾನು ಒಂದು ಬೆಳಿಗ್ಗೆ ಹೋಗಿ ನೋಡಿಕೊಂಡು ಬಂದೆ. ಮೊಣಕಾಲೆತ್ತರದ ಕುರ್ಚಿಗಳು. ಒಂದೊಂದರ ಬೆನ್ನಿಗೂ ಬೇರೆ ಬೇರೆ ಹಣ್ಣಿನ ಚಿತ್ರ. ಗೋಡೆಯ ಮೇಲೆ ಇನ್ನೂ ಒದ್ದೆಯಾಗಿದ್ದ ಹಳದಿ ಬಣ್ಣ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಯಾರಿಗೂ ಕೇಳಿಸದ ಹಾಗೆ ನನಗೆ ನಾನೇ “ಯೆಸ್ ಮಿಸ್” ಅಂತ ಹೇಳಿಕೊಂಡೆ. ಮದುವೆಯಾದ ಮೇಲೆ ನನಗೇ ನನಗೆ ಅಂತ ಏನನ್ನಾದರೂ ಬೇಕು ಅಂದುಕೊಂಡದ್ದು ಅದೇ ಮೊದಲು.

ಅಡ್ಡಿ ಇದ್ದದ್ದು ತೊಗರಿಬೇಳೆಯದು. ಬೆಳಿಗ್ಗೆ ಎಂಟೂವರೆಗೆ ಶಾಲೆಯಲ್ಲಿರಬೇಕು. ಇವರು ಒಂಬತ್ತಕ್ಕೆ ಹುಳಿ ಅನ್ನ ಉಂಡು ಕಾಲೇಜಿಗೆ ಹೊರಡುವವರು, ಅತ್ತೆ ಪೂಜೆ ಮುಗಿಸಿ ಹತ್ತಕ್ಕೆ. ಬತ್ತಿ ಸ್ಟವ್ವನ್ನು ನಂಬಿಕೊಂಡರೆ ನಾನು ಹಿಂದಿನ ದಿನವೇ ಬೇಳೆ ಇಡಬೇಕಿತ್ತು. ಹಾಗೆ ಇಟ್ಟರೆ ಅದು ತಂಗಳು, ಅತ್ತೆ ಮುಟ್ಟುವುದಿಲ್ಲ. ಫಿಲೋಮಿನಾ ಮೇ ತಿಂಗಳ ಒಂದು ಸೋಮವಾರದೊಳಗೆ ಹೇಳಬೇಕು ಅಂದಳು. ಇಲ್ಲದಿದ್ದರೆ ಬೇರೆಯವರು ಕಾದಿದ್ದರು.

ಅತ್ತೆ ಕೆಲಸಕ್ಕೆ ಬೇಡ ಅನ್ನಲಿಲ್ಲ. “ಅಡುಗೆ ಆಗೋದಾದರೆ ಹೋಗಮ್ಮಾ,” ಅಂದರು. ಅಡುಗೆ ಆಗಬೇಕಾದರೆ ಕುಕ್ಕರು. ಕುಕ್ಕರು ಬೇಡ. ಹೀಗೆ ಒಪ್ಪಿಗೆ ಕೊಟ್ಟೂ ಕೊಡದಿರುವ ಜಾಣತನವನ್ನು ಯಾವ ಕಾನ್ವೆಂಟಿನಲ್ಲಿ ಹೇಳಿಕೊಡುತ್ತಾರೆ?

ನಾನು ಇವರ ಮೊರೆ ಹೋದೆ. “ರೀ, ನೀವು ಓದಿದವರು. ಸಿಡಿಯೋದಿಲ್ಲ ಅಂತ ಅಮ್ಮನಿಗೆ ಒಂದು ಮಾತು ಹೇಳಿ.”

“ಹೇಗೆ ಹೇಳಲಿ? ಒಳಗೆ ಪ್ರೆಶರ್ ಎಷ್ಟಿದೆ ಅಂತ ಅಳೀದೆ?”

“ಡಬ್ಬದ ಮೇಲೆ ಬರೆದಿದಾರಲ್ಲ.”

“ಅದು ಅವರು ಬರೆದಿರೋದು. ನಾನು ಅಳೆದಿರೋದಲ್ಲ,” ಅಂದರು.

ಅಂಗಡಿಯವರ ಮಾತು ನಂಬದ ಈ ಮನುಷ್ಯ ಸೈಕಲ್ ಟೈರಿನ ಗಾಳಿಯನ್ನು ಹೆಬ್ಬೆಟ್ಟಿನಲ್ಲಿ ಒತ್ತಿ ನೋಡಿ ಸರಿಯಾಗಿದೆ ಅಂತ ಹೇಳಿ ಹೊರಡುತ್ತಿದ್ದರು.

ಅಳೆಯಬೇಕು ಅಂತಾಯಿತು. ಯಾವುದರಲ್ಲಿ? ಕಾಲೇಜಿನ ಲ್ಯಾಬಿನಲ್ಲಿ ಗಡಿಯಾರದ ಮುಖದಂಥ ಪ್ರೆಶರ್ ಗೇಜುಗಳು ಸಾಲಾಗಿ ಇದ್ದವಂತೆ, ಆದರೆ ಅವನ್ನು ಹೊರಗೆ ತರುವ ಹಾಗಿಲ್ಲ. ಅದರಲ್ಲೊಂದು ಬಾಯ್ಲರು ಆರಿಸಿದ್ದಾಗಲೂ ನಲವತ್ತು ತೋರಿಸುತ್ತಿತ್ತಂತೆ. ಆಗ ನಾನೊಂದು ಪ್ರಶ್ನೆ ಕೇಳಿದೆ. “ಗೇಜು ಸೊನ್ನೆ ತೋರಿಸಿದರೆ ಒಳಗೆ ಏನೂ ಪ್ರೆಶರ್ ಇಲ್ಲ ಅಂತ ತಾನೇ?”

“ಅಲ್ಲ. ಹೊರಗಿನ ಗಾಳಿ ಎಷ್ಟು ಒತ್ತುತ್ತಾ ಇದೆಯೋ ಅಷ್ಟು ಒಳಗೂ ಇದೆ ಅಂತ. ಅದು ಯಾವಾಗಲೂ ಇರೋದೇ ಅಲ್ವಾ, ಅದಕ್ಕೇ ಲೆಕ್ಕದಿಂದ ಬಿಟ್ಟುಬಿಡ್ತೀವಿ.”

ಯಾವಾಗಲೂ ಇರೋದನ್ನ ಲೆಕ್ಕದಿಂದ ಬಿಟ್ಟುಬಿಡೋದು ಆ ಮನೆಯಲ್ಲಿ ನನಗೆ ಹೊಸ ವಿಷಯವೇನಾಗಿರಲಿಲ್ಲ. “ಓ,” ಅಂದೆ.

ಪಾದರಸದ ಯೋಚನೆಯೂ ಬಂತು. ಅತ್ತೆಗೆ ಬಿ.ಪಿ. ಇತ್ತು. ಇತ್ತು ಅಂದರೆ, ಬೇರೆಯವರಿಗೆ ಚಿನ್ನದ ಬಳೆ ಇರುವ ಹಾಗೆ ಇತ್ತು. ತಿಂಗಳಿಗೊಮ್ಮೆ ಡಾಕ್ಟರು ಉದ್ದನೆಯ ಡಬ್ಬ ತೆರೆದು, ತೋಳಿಗೆ ಪಟ್ಟಿ ಸುತ್ತಿ, ಪುಸ್ ಪುಸ್ ಅಂತ ಗಾಳಿ ಒತ್ತಿ ಪಾದರಸ ಏರಿಸುತ್ತಿದ್ದರು. ಅದು ಏರುವುದನ್ನು ಅತ್ತೆ ಕಣ್ಣರಳಿಸಿ ನೋಡುತ್ತಿದ್ದರು. ಡಾಕ್ಟರು ಅಂಕಿ ಹೇಳಿದ ಮೇಲೆ, “ನನ್ನ ತಂಗೀದು ಇದಕ್ಕಿಂತ ಕಡಿಮೆ,” ಅಂತ ನನ್ನ ಕಡೆ ತಿರುಗಿ ತೃಪ್ತಿಯಿಂದ ಹೇಳುತ್ತಿದ್ದರು. ಇವರಿಗೆ ಆ ಡಬ್ಬದ ಮೇಲೆ ಕಣ್ಣು ಬಿತ್ತು. ಆದರೆ ಡಾಕ್ಟರ ಗಾಜಿನ ಕೊಳವೆ ಮುನ್ನೂರಕ್ಕೇ ಮುಗಿಯುತ್ತಿತ್ತು. ಕುಕ್ಕರಿನ ಪಾದರಸ ಏಳುನೂರೈವತ್ತರ ಮೇಲೆ ಹೋಗಬೇಕು ಅಂತ ಇವರ ಲೆಕ್ಕ. ಅಂದರೆ ಅದರ ಬಿ.ಪಿ.ಯ ಮುಂದೆ ಅತ್ತೆಯದು ಏನೂ ಅಲ್ಲ. ಇದನ್ನು ಅವರಿಗೆ ತಿಳಿಸುವ ಧೈರ್ಯ ಯಾರಿಗೂ ಬರಲಿಲ್ಲ.

“ಹಾಗಾದರೆ ನೀರಿನಲ್ಲೇ ಅಳೀತೀನಿ,” ಅಂದರು. “ಪಾದರಸ ಭಾರ, ಅದಕ್ಕೆ ಮುಕ್ಕಾಲು ಮೀಟರ್ ಸಾಕು. ನೀರು ಹಗುರ, ಅದಕ್ಕೆ ಹತ್ತು ಮೀಟರ್ ಕೊಳವೆ ಬೇಕು. ನೆಟ್ಟಗೆ ನಿಂತಿರಬೇಕು ಅಷ್ಟೇ.”

ನಮ್ಮದು ಒಂದೇ ಅಂತಸ್ತಿನ ಮನೆ. ಇವರು ಹಿತ್ತಲಿಗೆ ಹೋಗಿ ತಲೆಯೆತ್ತಿ ನಿಂತರು. ಅಡುಗೆಮನೆಯ ಕಿಟಕಿಯ ಆಚೆ, ತಾರಸಿಯನ್ನೂ ಮೀರಿ, ನಮ್ಮ ತೆಂಗಿನಮರ ನೆಟ್ಟಗೆ ನಿಂತಿತ್ತು.

ಫಿಲೋಮಿನಾಗೆ ಉತ್ತರ ಹೇಳಬೇಕಾಗಿದ್ದ ಸೋಮವಾರದ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಪುಟ್ಟೇನಹಳ್ಳಿಯಿಂದ ಕಾಯಿ ಕೀಳುವ ಮುನಿಯಪ್ಪ ಬಂದ. ಗಾರೆ ಕೆಲಸದವರು ಮಟ್ಟ ನೋಡಲು ಇಟ್ಟುಕೊಳ್ಳುವಂಥ ಪಾರದರ್ಶಕ ಟ್ಯೂಬಿನ ಸುರುಳಿಯನ್ನು ಇವರು ಅವನ ಹೆಗಲಿಗೆ ಹಾಕಿದರು. ಮೇಲಿನ ತುದಿಯನ್ನು ಬಾಯಿ ತೆರೆದ ಹಾಗೆಯೇ ಸರಿಯಾಗಿ ಹತ್ತು ಮೀಟರಿಗೆ ಕಟ್ಟಬೇಕು ಅಂತ ಮರಕ್ಕೆ ಸುಣ್ಣದ ಗುರುತನ್ನೂ ಹಾಕಿಸಿದರು.

ಮುನಿಯಪ್ಪ ಮರವನ್ನೂ ಟ್ಯೂಬನ್ನೂ ಒಂದು ಸಲ ನೋಡಿದ. “ಯಾಕ್ ಸಾಮಿ, ಮರಕ್ಕೆ ಉಸಾರಿಲ್ವಾ? ಡ್ರಿಪ್ಸ್ ಏರಿಸ್ತಿದೀರಾ?”

“ಪ್ರೆಶರ್ ನೋಡ್ತಿದೀವಪ್ಪ.”

“ಅಯ್ಯೋ ಪಾಪ, ಮರಕ್ಕೂ ಬಂತಾ,” ಅಂತ ಹತ್ತಿದ.

ಈಗ ಏರ್ಪಾಟು ಹೇಳುತ್ತೇನೆ, ಕೇಳಿ. ಸ್ಟವ್ವಿನ ಮೇಲೆ ಕುಕ್ಕರು. ಮುಚ್ಚಳದ ಮೇಲೆ ವೆಯ್ಟ್ ಕೂರುವ ಮೂತಿ ಇರುತ್ತಲ್ಲ, ಅದಕ್ಕೆ ಒಂದು ದಪ್ಪ ರಬ್ಬರ್ ಪೈಪು. ಪೈಪಿನ ಇನ್ನೊಂದು ತುದಿ ಹಳೆಯ ಪಂಪ್ ಸ್ಟವ್ವಿನ ಹಿತ್ತಾಳೆ ಟ್ಯಾಂಕಿಗೆ. ಟ್ಯಾಂಕಿನ ತುಂಬ ನೀರು, ಆ ನೀರಿಗೆ ಇವರು ಉತ್ತರಪತ್ರಿಕೆ ತಿದ್ದುವ ಕೆಂಪು ಇಂಕು. ಟ್ಯಾಂಕಿನಿಂದ ಹೊರಟ ಟ್ಯೂಬು ಕಿಟಕಿಯ ಸರಳಿನ ಸಂದಿಯಿಂದ ಆಚೆ ಹೋಗಿ ಮರ ಹತ್ತಿತ್ತು. ಹಬೆ ಟ್ಯಾಂಕಿನ ನೀರನ್ನು ಒತ್ತಬೇಕು, ಕೆಂಪು ನೀರು ಮರ ಏರಬೇಕು, ಎಲ್ಲಿ ನಿಲ್ಲುತ್ತೋ ಅಷ್ಟು ಒತ್ತಡ. ಪೈಪು ಸಿಕ್ಕಿಸುವಾಗ ಇವರು ವೆಯ್ಟನ್ನು ತೆಗೆದು, “ಇದನ್ನ ಜೋಪಾನವಾಗಿ ಇಟ್ಕೋ, ಕಳೀಬೇಡ,” ಅಂತ ನನ್ನ ಕೈಗೆ ಕೊಟ್ಟರು. ಕಾನ್ವೆಂಟಿನ ಹುಡುಗಿ, ಕೊಟ್ಟದ್ದನ್ನು ಕಳೆಯುವವಳೇ? ಮುಷ್ಟಿ ಬಿಗಿ ಹಿಡಿದೆ.

“ಹೇಗೂ ಸ್ಟವ್ ಉರಿಯತ್ತಲ್ಲ, ಒಳಗೆ ಒಂದು ಪಾವು ಬೇಳೆ ಹಾಕಿಬಿಡಲಾ?” ಅಂತ ಕೇಳಿದೆ.

“ಛೆ! ಶುದ್ಧ ಪದಾರ್ಥ ಇರಬೇಕು. ಬರೀ ನೀರು.”

ಅತ್ತೆಯ ಮಡಿಗಿಂತ ಕಟ್ಟುನಿಟ್ಟಾದದ್ದು ಪ್ರಪಂಚದಲ್ಲಿ ಇನ್ನೊಂದಿದೆ ಅಂತ ಅಂದು ಗೊತ್ತಾಯಿತು.

ಅಷ್ಟು ಹೊತ್ತಿಗೆ ಕ್ರಾಸಿನ ಅರ್ಧ ಜನ ನಮ್ಮ ಕಾಂಪೌಂಡಿನ ಹೊರಗೆ ಸೇರಿದ್ದರು. ಪಕ್ಕದ ಮನೆಯ ಶೇಷಗಿರಿರಾಯರು, ಅಂಚೆ ಇಲಾಖೆಯಿಂದ ರಿಟೈರಾದವರು, ಬಿಳೀ ಪಂಚೆ ಉಟ್ಟು ತಮ್ಮ ತಾರಸಿಯ ಮೇಲೆ ಕುರ್ಚಿ ಹಾಕಿಕೊಂಡಿದ್ದರು. ನಮ್ಮ ತಾರಸಿಯ ಮೇಲೆ ಅತ್ತೆಯ ಅಕ್ಕಿ ಸಂಡಿಗೆ ಹಳೇ ಸೀರೆಯ ಮೇಲೆ ಒಣಗುತ್ತಿತ್ತು, ಕಾಗೆ ಬರದ ಹಾಗೆ ಪಕ್ಕದಲ್ಲಿ ಬಿಚ್ಚಿಟ್ಟ ಕಪ್ಪು ಕೊಡೆ. ಮಗನ ಪ್ರಯೋಗ ಅಂತ ಒಂದು ದಿನದ ಮಟ್ಟಿಗೆ ಒಪ್ಪಿದ್ದ ಅತ್ತೆ ನಡುಮನೆಯ ಕಂಬದ ಹಿಂದೆ ಕೂತು ಸಹಸ್ರನಾಮ ಹೇಳುತ್ತಿದ್ದರು. ಅಡುಗೆಮನೆ ಬಾಗಿಲಿನಿಂದ ಎಷ್ಟು ದೂರ ಕೂತರೂ ಒಳಗಿನದು ಕಾಣುವ ಜಾಗವನ್ನೇ ಆರಿಸಿಕೊಂಡಿದ್ದರು.

ಇವರು ಕಿಟಕಿಯ ಆಚೆ, ಮರದ ಬುಡದಲ್ಲಿ. “ರೀಡಿಂಗ್ ಇಲ್ಲಿಂದಲೇ ತಗೋಬೇಕು,” ಅಂದರು. ಒಳಗೆ ಬತ್ತಿ ಹೆಚ್ಚು ಕಡಿಮೆ ಮಾಡಲು ಒಬ್ಬರು ಬೇಕಿತ್ತು. ಆ ಒಬ್ಬರು ಯಾರು ಅಂತ ಯಾರೂ ಚರ್ಚೆ ಮಾಡಲಿಲ್ಲ.

ಸ್ಟವ್ ಹತ್ತಿಸಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಹೊರಗೆ ಜನಕ್ಕೆ ಬೇಜಾರಾಗಿ, ಪಕ್ಕದ ಇನ್ನೊಂದು ಸ್ಟವ್ವಿನಲ್ಲಿ ಅವರಿಗೆಲ್ಲ ಕಾಫಿ ಮಾಡಿದೆ. ನನ್ನ ಸಮಯ ಉಳಿಸಲು ನಡೆದ ಪ್ರಯೋಗ ಅದು.

ಆಮೇಲೆ ಟ್ಯಾಂಕು ಒಂದು ಸಲ ಗುಟುಕ್ ಅಂತು. ಟ್ಯೂಬಿನೊಳಗೆ ಕೆಂಪು ಕದಲಿತು.

“ಬಂತು, ಬಂತು! ಕಿಟಕಿ ದಾಟ್ತು!” ಶೇಷಗಿರಿರಾಯರ ಧ್ವನಿ ಮೇಲಿನಿಂದ. “ಸಜ್ಜೆ ದಾಟ್ತು ಪ್ರೊಫೆಸರೇ! ನಿಧಾನ, ನಿಧಾನ... ಪ್ಯಾರಾಪೆಟ್ಟು!”

“ಉರಿ ಸ್ವಲ್ಪ ಜಾಸ್ತಿ ಮಾಡು,” ಕಿಟಕಿಯ ಆಚೆಯಿಂದ ಇವರು.

ಮಾಡಿದೆ. ಕುಕ್ಕರಿನ ಹೊಟ್ಟೆಯೊಳಗೆ ಯಾರೋ ಹಲ್ಲು ಕಡಿಯುತ್ತಿರುವ ಹಾಗೆ ಸದ್ದು. ಮುಚ್ಚಳದ ಅಂಚಿನಲ್ಲಿ ಒಂದೇ ಒಂದು ಹನಿ ಹುಟ್ಟಿ, ನಡುಗಿ, ಆರಿಹೋಯಿತು. ನನಗೆ ಬಸವನಗುಡಿಯ ಸೂರಿನ ಅರ್ಧಚಂದ್ರ ನೆನಪಾಯಿತು. ತಲೆಯೆತ್ತಿ ನಮ್ಮ ಸೂರನ್ನು ನೋಡಿದೆ. ಜೇಡರ ಬಲೆ ಇತ್ತು, ನಾಳೆ ತೆಗೀಬೇಕು ಅಂದುಕೊಂಡೆ. ಹೆದರಿಕೆಯಲ್ಲೂ ಹೆಂಗಸರ ಬುದ್ಧಿ ಎಲ್ಲೆಲ್ಲಿಗೋ ಹೋಗುತ್ತೆ. ಮುಷ್ಟಿಯೊಳಗಿನ ವೆಯ್ಟು ಬೆವರಿಗೆ ಜಾರುತ್ತಿತ್ತು.

“ನನ್ನ ತಲೆ ಮಟ್ಟ! ಮರದ ಕುತ್ತಿಗೆ! ಪ್ರೊಫೆಸರೇ, ಸುಣ್ಣದ ಗುರುತು, ಸುಣ್ಣದ ಗುರುತು ಮುಟ್ತು!”

“ಹತ್ತು ಮೀಟರ್!” ಅಂತ ಇವರು ಕೂಗಿದರು. ಮದುವೆಯ ದಿನವೂ ಆ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ. “ಕರೆಕ್ಟಾಗಿ ಹತ್ತು ಮೀಟರ್! ನನ್ನ ಲೆಕ್ಕ...”

ಮಿಕ್ಕಿದ್ದು ಕೇಳಿಸಲಿಲ್ಲ. ಟ್ಯಾಂಕಿನಲ್ಲಿ ಉಳಿದಿದ್ದ ಕೆಂಪು ನೀರೆಲ್ಲ ಒಟ್ಟಿಗೆ ಮರ ಹತ್ತಿ ಗರಿಗಳ ನಡುವಿನಿಂದ ಕಾರಂಜಿಯಾಗಿ ಚಿಮ್ಮಿತು. ಹಿಂದೆಯೇ ಹಬೆ, ಹಳೇ ಸೀಮೆಣ್ಣೆಯ ವಾಸನೆಯ ಜೊತೆ. ಶೇಷಗಿರಿರಾಯರ ಬಿಳೀ ಪಂಚೆಗೆ ಓಕುಳಿಯಾಯಿತು. ಕಾಂಪೌಂಡಿನ ಜನ ಚೆಲ್ಲಾಪಿಲ್ಲಿ. ನಾನು ಬತ್ತಿ ಇಳಿಸಿದೆ. ಕುಕ್ಕರು ಉಸಿರು ಬಿಟ್ಟು ಸುಮ್ಮನಾಯಿತು. ಏನೂ ಸಿಡಿಯಲಿಲ್ಲ.

ಅತ್ತೆ ಸಹಸ್ರನಾಮವನ್ನು ಅರ್ಧಕ್ಕೆ ಬಿಟ್ಟು ತಾರಸಿಗೆ ಓಡಿದರು. ಇಳಿದು ಬಂದಾಗ ಕೈಯಲ್ಲಿ ಒಂದು ಸಂಡಿಗೆ ಇತ್ತು. ಗುಲಾಬಿ ಬಣ್ಣ. ಅದನ್ನು ಮೂಸಿ ನೋಡಿ ಮಗನ ಕಡೆ ನೋಡಿದರು.

“ಸಂಡಿಗೆ ಬಿಡಮ್ಮಾ,” ಇವರು ಒಳಗೆ ಬಂದು ಉತ್ಸಾಹದಿಂದ ಹೇಳುತ್ತಿದ್ದರು, “ಕುಕ್ಕರಿನ ಪ್ರೆಶರ್ ಹತ್ತು ಮೀಟರ್. ಡಬ್ಬದ ಮೇಲೆ ಬರೆದಿರೋದೂ ಅಷ್ಟೇ. ಇನ್ನು ಭಯ ಇಲ್ಲ.”

ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮುಷ್ಟಿ ಬಿಚ್ಚಿ, ಕೊಟ್ಟ ಸಾಮಾನನ್ನು ಹಿಂತಿರುಗಿಸಿದೆ.

“ತಗೊಳ್ಳಿ, ವೆಯ್ಟು. ನನ್ನ ಹತ್ತಿರವೇ ಉಳೀತಲ್ಲ, ಪರವಾಗಿಲ್ವಾ? ದಿನಾ ಅಡುಗೆ ಮಾಡುವಾಗ ಇದು ಅದರ ಮೇಲಿರತ್ತೆ ಅಲ್ವಾ?”

ಇವರು ನನ್ನ ಅಂಗೈಯನ್ನು ನೋಡಿದರು. ಮುಖದಲ್ಲಿದ್ದ ಸಂತೋಷ ಮೇಲಿನಿಂದ ಕೆಳಕ್ಕೆ ಇಳಿಯಿತು, ಹತ್ತೂ ಮೀಟರು.

“ಏನಾಯ್ತು?” ಅಂದರು ಬಾಗಿಲಿಗೆ ಬಂದು ನಿಂತಿದ್ದ ಶೇಷಗಿರಿರಾಯರು, ಪಂಚೆ ಹಿಂಡಿಕೊಳ್ಳುತ್ತ.

“ಒಳಗಿನ ಪ್ರೆಶರ್ ಎಷ್ಟಿರಬೇಕು ಅಂತ ತೀರ್ಮಾನ ಮಾಡೋದು ವೆಯ್ಟು. ವೆಯ್ಟ್ ತೆಗೆದು ಅದೇ ಜಾಗಕ್ಕೆ ಟ್ಯೂಬ್ ಹಾಕಿಬಿಟ್ಟೆ. ಆಗ ವೆಯ್ಟಿನ ಕೆಲಸ ಮಾಡಿದ್ದು ಟ್ಯೂಬಿನಲ್ಲಿದ್ದ ನೀರು. ಮರ ಇನ್ನೂ ಎತ್ತರ ಇದ್ದಿದ್ದರೆ ನೀರು ಇನ್ನೂ ಮೇಲೆ ಹೋಗ್ತಿತ್ತು. ಗಿಡ್ಡ ಇದ್ದಿದ್ದರೆ ಕಡಿಮೆ ತೋರಿಸ್ತಿತ್ತು.”

“ಹಾಗಾದರೆ ಇಷ್ಟು ಹೊತ್ತು ನಾವು ಅಳೆದದ್ದು ಏನನ್ನ ಪ್ರೊಫೆಸರೇ?”

“ತೆಂಗಿನಮರಾನ,” ಅಂದರು ಇವರು.

ಇನ್ನೊಬ್ಬ ಗಂಡನಾಗಿದ್ದರೆ ತಾಯಿಯ ಮುಂದೆ ಅಷ್ಟಕ್ಕೇ ಸುಮ್ಮನಾಗುತ್ತಿದ್ದ. ನಾನು ಕಟ್ಟಿಕೊಂಡದ್ದು ಸತ್ಯಸಂಧರನ್ನು. “ಅಮ್ಮಾ, ಪ್ರಯೋಗ ತಪ್ಪಾಯ್ತು. ಕುಕ್ಕರ್ ಸರಿ ಇದೆ ಅಂತ ಇದರಿಂದ ಹೇಳೋ ಹಾಗಿಲ್ಲ. ಮುಂದಿನ ಭಾನುವಾರ ಬೇರೆ ಥರ ಜೋಡಿಸಿ ಮತ್ತೆ ಮಾಡಬೇಕು. ಅಲ್ಲೀವರೆಗೂ ಬೇಡ.”

ಮುಂದಿನ ಭಾನುವಾರ! ನಡುವೆ ಸೋಮವಾರ ಇತ್ತು. ಹಣ್ಣಿನ ಚಿತ್ರದ ಪುಟ್ಟ ಕುರ್ಚಿಗಳು ಒಂದೊಂದಾಗಿ ಖಾಲಿಯಾಗುವುದು ನನಗೆ ಕಾಣಿಸಿತು. ಕಣ್ಣಲ್ಲಿ ನೀರು ಬರಬಾರದು ಅಂತ ಸ್ಟವ್ವಿನ ಕಡೆ ತಿರುಗಿ, ಆರಿದ ಬತ್ತಿಯನ್ನೇ ಇನ್ನೊಂದು ಸಲ ಇಳಿಸಿದೆ.

ಅತ್ತೆ ಗುಲಾಬಿ ಸಂಡಿಗೆಯನ್ನು ಕಿಟಕಿಯ ಮೇಲಿಟ್ಟರು.

“ಲೋ ನಾಣಿ. ಅದು ಸಿಡಿಯತ್ತೋ ಇಲ್ವೋ ಅಂತ ನಿನಗೆ ಬೆಳಿಗ್ಗೆ ಗೊತ್ತಿತ್ತಾ?”

“ಇಲ್ಲಮ್ಮಾ. ಅದಕ್ಕೇ ಅಲ್ವಾ ಪ್ರಯೋಗ...”

“ಈಗ ಗೊತ್ತಾಯ್ತಾ?”

“ಇನ್ನೂ ಇಲ್ಲ. ಅದೇ ಹೇಳ್ತಿದೀನಿ...”

“ನೀನು ಎಲ್ಲಿ ನಿಂತಿದ್ದೆ?”

“ಹೊರಗೆ. ರೀಡಿಂಗ್ ತಗೋಬೇಕಿತ್ತಲ್ಲ.”

“ಇವಳು?”

ಇವರು ಒಮ್ಮೆ ಸ್ಟವ್ ನೋಡಿದರು, ಒಮ್ಮೆ ನನ್ನನ್ನು ನೋಡಿದರು. “ಬತ್ತಿ... ಬತ್ತಿ ನೋಡೋರು ಬೇಕಿತ್ತು.”

“ಗೊತ್ತಿಲ್ಲದೆ ಇರೋ ಬಾಂಬಿನ ಪಕ್ಕ ಹೆಂಡತೀನ ನಿಲ್ಲಿಸಿ ನೀನು ಗೋಡೆ ಆಚೆ ನಿಂತ್ಕೊಂಡೆ. ಓದಿದಾನಂತೆ.” ಅತ್ತೆಯ ಧ್ವನಿ ಏರಲಿಲ್ಲ, ಅದೇ ಹೆದರಿಕೆಯ ವಿಷಯ. ಶೇಷಗಿರಿರಾಯರು ಪಂಚೆ ಒಗೆಯಬೇಕು ಅಂತ ಹೊರಟೇಬಿಟ್ಟರು. “ನಾನು ಕಂಬದ ಹಿಂದಿನಿಂದ ನೋಡ್ತಾನೇ ಇದ್ದೆ. ಒಂದು ಹೆಜ್ಜೇನೂ ಹಿಂದಕ್ಕೆ ಇಡಲಿಲ್ಲ ಅವಳು. ನನ್ನ ತಂಗಿ ಕುಕ್ಕರ್ ಸಿಡಿದ ಮೇಲೆ ಇವತ್ತಿನವರೆಗೂ ಅಡುಗೆಮನೆಗೆ ಹೋಗಿಲ್ಲ.”

ಆಮೇಲೆ ನನ್ನ ಕಡೆ ತಿರುಗಿದರು. “ನಾಳೆಯಿಂದ ಅದರಲ್ಲೇ ಇಡಮ್ಮಾ. ಆ ನಿನ್ನ ಗೆಳತಿಗೂ ಹೇಳ್ಕೊಂಡು ಬಾ. ಇನ್ನೊಂದು ಸಲ ಸಂಡಿಗೆಗೆ ಅಕ್ಕಿ ನೆನೆಹಾಕು, ಇವನೇ ರುಬ್ಬಲಿ.”

ಮಾರನೆಯ ಬೆಳಿಗ್ಗೆ ಥರ್ಮೊಡೈನಮಿಕ್ಸ್ ಮೇಷ್ಟರು ರುಬ್ಬುವ ಕಲ್ಲಿನ ಮುಂದೆ ಕೂತು, ಒಂದು ಸೇರು ಅಕ್ಕಿಗೆ ಎಷ್ಟು ಕೆಲಸ ಅನ್ನುವುದನ್ನು ಯಾವ ಪುಸ್ತಕದ ಸಹಾಯವೂ ಇಲ್ಲದೆ ಅಳೆದರು. ನಾನು ಬೇಳೆಯನ್ನು ಕುಕ್ಕರಿಗೆ ಹಾಕಿ ವೆಯ್ಟನ್ನು ಅದರ ಜಾಗದಲ್ಲಿ ಕೂರಿಸಿದೆ. ಮೂರು ಕೂಗಿಗೆ ಬೇಳೆ ಕಣ್ಣು ಮುಚ್ಚಿತು. ಅತ್ತೆ ಹುಳಿಯನ್ನು ತಟ್ಟೆಯಲ್ಲಿ ಬೆರಳಿನಿಂದ ನುರಿದು ನೋಡಿ, “ಈಗ ಕೈಗುಣ ಬಂತು,” ಅಂದರು. ಆದರೂ ಕುಕ್ಕರು ಕೂಗುವಷ್ಟು ಹೊತ್ತು ಅವರ ಜಾಗ ಕಂಬದ ಹಿಂದೆಯೇ.

ಬೇರೆ ಥರ ಜೋಡಿಸುವ ಮುಂದಿನ ಭಾನುವಾರ ಬರಲೇ ಇಲ್ಲ. ಮುನಿಯಪ್ಪ ಕಾಯಿ ಕೀಳಲು ಬಂದಾಗಲೆಲ್ಲ, “ಮರ ಈಗ ಎಂಗಿದೆ ಸಾಮಿ?” ಅಂತ ವಿಚಾರಿಸುತ್ತಿದ್ದ. ಆ ಕುಕ್ಕರಿನೊಳಗಿನ ಒತ್ತಡ ಎಷ್ಟಿತ್ತು ಅನ್ನುವುದು ನಮ್ಮ ಮನೆಯ ಮಟ್ಟಿಗೆ ಇಂದಿಗೂ ತಿಳಿಯದೆ ಉಳಿದುಹೋಗಿದೆ.

ಜೂನ್ ಬಂತು. ಶಾಲೆಯ ಮೊದಲನೆಯ ದಿನ ನಾನು ಗಂಜಿ ಹಾಕಿದ ಸೀರೆಯ ನೆರಿಗೆ ಮೂರು ಸಲ ಬಿಚ್ಚಿ ಉಟ್ಟು ತಡ ಮಾಡಿಕೊಂಡೆ. ಕುಕ್ಕರು ಎರಡು ಸಲ ಕೂಗಿತ್ತು. ಮೂರನೆಯದಕ್ಕೆ ಕಾದರೆ ಬಸ್ಸು ಹೋಗುತ್ತಿತ್ತು. ಬಿಟ್ಟು ಹೋದರೆ ಬತ್ತಿ ಇಳಿಸುವವರು ಯಾರು? ಬ್ಯಾಗು ಹೆಗಲಿಗೆ ಹಾಕಿಕೊಂಡು ಅಡುಗೆಮನೆ ಬಾಗಿಲಿನಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ನಿಂತಿದ್ದೆ.

ಕಂಬದ ಹಿಂದಿನಿಂದ ಅತ್ತೆ ಎದ್ದು ಬಂದರು. ನನ್ನನ್ನು ದಾಟಿ ಒಳಗೆ ಹೋದರು. ಸ್ಟವ್ವಿನ ಪಕ್ಕ, ನಾನು ಆ ಭಾನುವಾರ ನಿಂತಿದ್ದ ಜಾಗದಲ್ಲೇ ನಿಂತು, ಸೆರಗನ್ನು ತಲೆಯ ಮೇಲಿಂದ ಎಳೆದು ಎರಡೂ ಕಿವಿ ಬಿಗಿಯಾಗಿ ಮುಚ್ಚಿಕೊಂಡರು.

“ಅಮ್ಮಾ, ಹುಷಾರು, ಅದರೊಳಗೆ ನೂರಿಪ್ಪತ್ತು ಡಿಗ್ರಿ ಇದೆ!” ಇವರು ಕೂಗಿದ್ದು ಕಿಟಕಿಯ ಆಚೆಯಿಂದ.

ಅತ್ತೆಗೆ ಅದು ಕೇಳಿಸಲಿಲ್ಲ. ಕಣ್ಣನ್ನು ವೆಯ್ಟಿನ ಮೇಲಿಂದ ಕದಲಿಸದೆ, ಕಿವಿ ಮುಚ್ಚಿಕೊಂಡವರು ಮಾತಾಡುವ ಹಾಗೆ ಜೋರಾಗಿ ನನಗೆ ಹೇಳಿದರು:

“ಹೊರಡು, ಮಕ್ಕಳು ಕಾಯ್ತಿರ್ತಾವೆ. ಮೂರನೇದು ನಾನು ನೋಡ್ಕೋತೀನಿ.”